ವೈದ್ಯರ ಚೀಟಿಯನ್ನು ಓದುವ ಬಗೆ

ವಿದ್ಯಾರ್ಥಿಗಳೇ, ನಮ್ಮ ಕಾಸರಗೋಡಿನ ಮನೆಗಳಲ್ಲಿ ಮದ್ದಿನ ಚೀಟಿ ಓದುವ ಕೆಲಸ ಹೆಚ್ಚಾಗಿ ನಿಮ್ಮ ಪಾಲಿಗೇ ಬರುತ್ತದೆ. ವೈದ್ಯರು ಬರೆಯುವುದು ಇಂಗ್ಲಿಷಿನಲ್ಲಿ, ಅಂಗಡಿಯವರು ವಿವರಿಸುವುದು ಮಲಯಾಳದಲ್ಲಿ, ಮಾತ್ರೆ ನುಂಗಬೇಕಾದ ಅಜ್ಜಿಗೆ ತಿಳಿಯುವುದು ಕನ್ನಡ ಅಥವಾ ತುಳು. ಆದುದರಿಂದ ಈ ಚೀಟಿಯನ್ನೂ ಒಂದು ಪಾಠವೆಂದೇ ತಿಳಿದು ಓದಲು ಕಲಿಯಬೇಕಾಗಿದೆ.

'ಬಿ.ಡಿ.' ಎಂದರೆ ದಿನಕ್ಕೆ ಎರಡು ಸಲ, 'ಟಿ.ಡಿ.ಎಸ್.' ಎಂದರೆ ಮೂರು ಸಲ. ಇವು ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ಕೆಲವರು 1-0-1 ಎಂದು ಬರೆಯುವುದೂ ಉಂಟು: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇಷ್ಟು ಸುಲಭ. ತೊಡಕಿರುವುದು ಹೆಸರಿನಲ್ಲಿ.

ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ ಎಂದು ಓದಿದ್ದೀರಷ್ಟೆ? 'ನದಿ' ಎಂಬುದು ರೂಢನಾಮ. 'ಚಂದ್ರಗಿರಿ', 'ಶಿರಿಯ' ಅಂಕಿತನಾಮಗಳು. ಮದ್ದಿಗೂ ಹೀಗೆಯೇ ಎರಡು ಬಗೆಯ ಹೆಸರುಗಳಿವೆ. ಜ್ವರಕ್ಕೆ ಕೊಡುವ 'ಪ್ಯಾರಾಸಿಟಮಾಲ್' ಎಂಬುದು ರೂಢನಾಮದಂತೆ. 'ಕ್ರೋಸಿನ್', 'ಕ್ಯಾಲ್ಪಾಲ್', 'ಡೋಲೋ' ಎಂಬುವು ಕಂಪೆನಿಗಳು ಇಟ್ಟ ಅಂಕಿತಗಳು. ಒಳಗಿನ ಮದ್ದು ಒಂದೇ. ಮಾತ್ರೆಯ ಹಾಳೆಯಲ್ಲಿ 'ಐ.ಪಿ.' ಎಂಬ ಎರಡಕ್ಷರಗಳನ್ನು ಹುಡುಕಿ ನೋಡಿ. ಭಾರತೀಯ ಔಷಧ ಗ್ರಂಥದ ಪ್ರಮಾಣಕ್ಕೆ ಒಳಪಟ್ಟದ್ದು ಎಂಬುದಕ್ಕೆ ಅದು ಗುರುತು. ಅದರ ಹಿಂದಿರುವುದೇ ಮದ್ದಿನ ನಿಜವಾದ ಹೆಸರು.

ಹಾಗಾದರೆ ಕ್ರಯದಲ್ಲಿ ಅಂತರವೇಕೆ? ಅಂಕಿತವನ್ನು ಪ್ರಚಾರ ಮಾಡಲು, ಪ್ರತಿನಿಧಿಗಳನ್ನು ವೈದ್ಯರ ಬಳಿಗೆ ಕಳುಹಿಸಲು ಆಗುವ ವೆಚ್ಚವೂ ಮಾತ್ರೆಯ ಬೆಲೆಯಲ್ಲಿ ಸೇರುತ್ತದೆ. ಅಂಕಿತಗಳನ್ನು ಕ್ರಮೇಣ ಬಿಡಬೇಕೆಂದು 1975ರಲ್ಲಿಯೇ ಹಾಥಿ ಸಮಿತಿ ಸೂಚಿಸಿತ್ತು. ವೈದ್ಯರು ರೂಢನಾಮವನ್ನು ಸ್ಫುಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ನಿಯಮವನ್ನೂ ಮಾಡಿತು. ಚೀಟಿಗಳನ್ನು ನೋಡಿದರೆ ನಿಯಮ ಎಷ್ಟು ನಡೆದಿದೆಯೆಂದು ನಿಮಗೇ ತಿಳಿದೀತು! (ಕಾಪಿಪುಸ್ತಕದ ಅಕ್ಷರಕ್ಕಾಗಿ ನಾವು ನಿಮ್ಮನ್ನು ಗದರುತ್ತೇವೆ, ವೈದ್ಯರನ್ನು ಗದರುವವರಿಲ್ಲ.)

ಒಂದು ಲೆಕ್ಕ ಮಾಡೋಣ. ಸಕ್ಕರೆ ಕಾಯಿಲೆಗೆ ದಿನಕ್ಕೆ ಎರಡರಂತೆ ತಿಂಗಳಿಗೆ 60 ಮಾತ್ರೆ ಬೇಕು. ಒಂದಕ್ಕೆ 4 ರೂಪಾಯಿಯಾದರೆ 240. ಅದೇ ಮದ್ದು 1 ರೂಪಾಯಿಗೆ ಸಿಕ್ಕಿದರೆ 60. ವರ್ಷಕ್ಕೆ 2160 ರೂಪಾಯಿಯ ವ್ಯತ್ಯಾಸ. ಕೂಲಿಯ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ಹಣ ಸಾಲದಾಗ ಹಿರಿಯರು ಏನು ಮಾಡುತ್ತಾರೆ? ಯಾರಿಗೂ ಹೇಳದೆ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಾರೆ. ಮುಂದಿನ ಸಲ ರಕ್ತದೊತ್ತಡವೋ ಸಕ್ಕರೆಯೋ ಏರಿರುತ್ತದೆ. ಮದ್ದು ಸಾಲದೆಂದು ಭಾವಿಸಿ ವೈದ್ಯರು ಇನ್ನೊಂದನ್ನು ಸೇರಿಸಿ ಬರೆಯುತ್ತಾರೆ. ಚೀಟಿ ಉದ್ದವಾಗುತ್ತದೆ, ಖರ್ಚು ಏರುತ್ತದೆ, ನುಂಗುವುದು ಮತ್ತಷ್ಟು ಕಡಿಮೆಯಾಗುತ್ತದೆ. ಅಜ್ಜನ ಡಬ್ಬಿಯಲ್ಲಿ ತಿಂಗಳ ಕೊನೆಗೆ ಎಷ್ಟು ಮಾತ್ರೆ ಉಳಿದಿವೆಯೆಂದು ಎಣಿಸಬಲ್ಲವರು ನೀವೇ. ಆ ಸಂಖ್ಯೆಯನ್ನು ವೈದ್ಯರಿಗೆ ತಿಳಿಸಬೇಕು.

ಕೇಂದ್ರ ಸರಕಾರವು 2008ರಲ್ಲಿ ಆರಂಭಿಸಿದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ರೂಢನಾಮದ ಮದ್ದುಗಳು ದೊರೆಯುತ್ತವೆ. ಕೇರಳ ಸರಕಾರದ ಕಾರುಣ್ಯ ಅಂಗಡಿಗಳಲ್ಲಿಯೂ ಕ್ರಯ ಕಡಿಮೆ. ಆದರೆ ಚೀಟಿಯ ಮದ್ದನ್ನು ತಾವಾಗಿ ಬದಲಿಸುವ ಅಧಿಕಾರ ಅಂಗಡಿಯವರಿಗಿಲ್ಲ, ನಮಗಂತೂ ಇಲ್ಲವೇ ಇಲ್ಲ. ಅಪಸ್ಮಾರ, ಥೈರಾಯ್ಡ್ ಮೊದಲಾದ ಕಾಯಿಲೆಗಳಲ್ಲಿ ಕಂಪೆನಿ ಬದಲಿಸುವಾಗಲೂ ವೈದ್ಯರ ನಿಗಾ ಬೇಕು. "ಡಾಕ್ಟ್ರೇ, ಇದೇ ಮದ್ದು ಕಡಿಮೆ ಕ್ರಯದ್ದು ಉಂಟೋ?" ಎಂದು ಚೀಟಿ ಬರೆಯುವಾಗಲೇ ಕೇಳಿರಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಅಭ್ಯಾಸ: ಮನೆಯಲ್ಲಿರುವ ಮೂರು ಮದ್ದುಗಳ ರೂಢನಾಮ, ಅಂಕಿತನಾಮ, ಮಿಲಿಗ್ರಾಂ ಮತ್ತು ಒಂದು ಮಾತ್ರೆಯ ಬೆಲೆಯನ್ನು ಬರೆದು ತನ್ನಿರಿ. ಮಾತ್ರೆಗಳು ಮನೆಯಲ್ಲಿಯೇ ಇರಲಿ.