ಪದ ಹುಡುಕುವ ದಾರಿ

ನೋಡಮ್ಮ, ಬರೆಯೋಕೆ ಕೂತಾಗ ಪಕ್ಕದಲ್ಲಿ ಯಾವ ನಿಘಂಟು ಇರಬೇಕು, ಎಷ್ಟಕ್ಕೆ ಸಿಗುತ್ತೆ ಅಂತ ಕೇಳಿದ್ದೀಯ. ಸದ್ಯಕ್ಕೆ ದುಡ್ಡು ಕೊಟ್ಟು ಏನನ್ನೂ ತರಬೇಡ. ನಾವು ಬರೆಯಲು ಶುರು ಮಾಡಿದ ಕಾಲದಲ್ಲಿ ಒಂದು ಪದದ ಬಗ್ಗೆ ಅನುಮಾನ ಬಂದರೆ ಲೈಬ್ರರಿ ಬಾಗಿಲು ತೆಗೆಯುವ ತನಕ ಕಾಯಬೇಕಿತ್ತು. ಅಲ್ಲಿದ್ದ ಎಷ್ಟೋ ಕೋಶಗಳು ಇವತ್ತು ನಿನ್ನ ಫೋನಿನಲ್ಲೇ ಬಿಟ್ಟಿಯಾಗಿ ತೆರೆದುಕೊಳ್ಳುತ್ತವೆ. ಯಾವುದನ್ನು ಯಾವಾಗ ತೆರೆಯಬೇಕು, ತೆರೆದ ಮೇಲೆ ಏನನ್ನು ನೋಡಬೇಕು ಅನ್ನೋದನ್ನಷ್ಟೇ ನೀನು ಕಲಿಯಬೇಕು.

ಮೊದಲು ‘ಅಲರ್’ ಇಟ್ಟುಕೋ. ವಿ. ಕೃಷ್ಣ ಅನ್ನುವವರು ಒಬ್ಬರೇ ಕೂತು ನಾಲ್ಕು ದಶಕ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. 1,50,000ಕ್ಕೂ ಹೆಚ್ಚು ಕನ್ನಡ ಪದಗಳು, ಅವಕ್ಕೆ 2,40,000ಕ್ಕೂ ಹೆಚ್ಚು ಇಂಗ್ಲಿಷ್ ಅರ್ಥಗಳು ಅದರಲ್ಲಿವೆ. ಮಲಯಾಳಕ್ಕೆ ‘ಓಳಂ’ ನಿಘಂಟು ಮಾಡಿದ ಕೈಲಾಶ್ ನಾಧ್ ಅದನ್ನು 2019ರಲ್ಲಿ ಅಂತರ್ಜಾಲಕ್ಕೆ ತಂದರು. ಜೀವಮಾನದ ದುಡಿಮೆಯನ್ನು ಕೃಷ್ಣ ಅವರು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ಆ ಪದರಾಶಿಯನ್ನು ಇಳಿಸಿಕೊಂಡು ಮತ್ತೊಂದು ಉಪಕರಣ ಮಾಡಬಹುದು. ಇಂಥ ದೊಡ್ಡ ಮನಸ್ಸು ಕಂಡಾಗ ನನಗೆ ಕಣ್ಣು ತುಂಬುತ್ತದೆ. ಅಲರ್‌ನಲ್ಲಿ ಕಾಗುಣಿತ ಒಂಚೂರು ತಪ್ಪಿದರೂ ಸದ್ದಿನಲ್ಲಿ ಹತ್ತಿರದ ಪದಗಳು ಸಿಗುತ್ತವೆ. ಇದು ಉಪಕಾರವೇ, ಆದರೆ ಮೇಲೆ ಕಂಡದ್ದನ್ನೇ ಎತ್ತಿಕೊಂಡು ಓಡಬೇಡ. ‘ಮದ್ಯ’ ಬೇಕಾಗಿದ್ದವಳು ‘ಮಧ್ಯ’ಕ್ಕೆ ಬಂದು ನಿಂತಿದ್ದೀಯಾ ಅಂತ ಒಂದು ಸಲ ನೋಡಿಕೋ.

‘ಈ ಪದ ಯಾವ ನಿಘಂಟಿನಲ್ಲೂ ಇಲ್ಲ’ ಅಂತ ನೀನು ಬರೆದ ಪಟ್ಟಿ ನೋಡಿದೆ. ಬಹುತೇಕ ಎಲ್ಲವೂ ಇವೆ, ನೀನು ಬಾಗಿಲು ತಪ್ಪಿ ತಟ್ಟಿದ್ದೀಯ ಅಷ್ಟೇ. ನಮ್ಮ ಭಾಷೆಯಲ್ಲಿ ಪದದ ಬಾಲಕ್ಕೆ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲ ಬಂದು ಅಂಟಿಕೊಳ್ಳುತ್ತವೆ, ಮೇಲಿಂದ ಸಂಧಿ ಬೇರೆ. ‘ನೊಂದವರಿಗೆಲ್ಲ’ ಅಂತ ಹುಡುಕಿದರೆ ಏನು ಸಿಕ್ಕೀತು? ‘ಎಲ್ಲ’ ಬಿಡಿಸು, ‘ಅವರಿಗೆ’ ಬಿಡಿಸು, ಉಳಿದ ‘ನೊಂದ’ದ ಹಿಂದೆ ಇರುವುದು ‘ನೋಯು’. ಹಾಗೆಯೇ ಬೆಂದದ್ದು ‘ಬೇಯು’, ಮಿಂದದ್ದು ‘ಮೀಯು’, ಸತ್ತದ್ದು ‘ಸಾಯು’, ಬಿದ್ದದ್ದು ‘ಬೀಳು’, ನಿಂತದ್ದು ‘ನಿಲ್ಲು’. ಹೀಗೆ ಬಿಡಿಸುತ್ತಾ ಹೋದರೆ ವ್ಯಾಕರಣದ ಪುಸ್ತಕ ಕಲಿಸದಷ್ಟು ವ್ಯಾಕರಣ ತಾನೇ ಕೈಗೆ ಹತ್ತುತ್ತದೆ. ಕಂಪ್ಯೂಟರಿನ ಕಾಗುಣಿತ ಪರೀಕ್ಷಕ ನಿನ್ನ ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಎಳೆಯುವುದಕ್ಕೆ ಇದೇ ಕಾರಣ. ಒಂದೊಂದು ಕ್ರಿಯಾಪದಕ್ಕೂ ಇರುವ ಅಷ್ಟೊಂದು ರೂಪಗಳು ಅದರ ಪಟ್ಟಿಯಲ್ಲಿ ಇರುವುದಿಲ್ಲ. ಕೆಂಪು ಗೆರೆ ಕಂಡ ಕೂಡಲೇ ಹೆದರಿ ಪದ ಬದಲಾಯಿಸಬೇಡ, ಬುಡಕ್ಕೆ ಹೋಗಿ ನೋಡು.

ಇನ್ನೊಂದು ತೊಡಕಿದೆ. ನಿಮ್ಮ ಅಪ್ಪನ ಹಳೇ ಬರಹಗಳೆಲ್ಲ ‘ನುಡಿ’ ತಂತ್ರಾಂಶದ ಹಳೇ ಅಕ್ಷರವಿನ್ಯಾಸದಲ್ಲಿವೆ. ಅಲ್ಲಿಂದ ಪದ ನಕಲು ಮಾಡಿ ಹುಡುಕುಪೆಟ್ಟಿಗೆಗೆ ಹಾಕಿದರೆ ಚಿತ್ರವಿಚಿತ್ರ ಅಕ್ಷರ ಬರುತ್ತವೆ. ಮೊದಲು ಯೂನಿಕೋಡಿಗೆ ಬದಲಾಯಿಸು. ಆ ಕೆಲಸಕ್ಕೂ ಬಿಟ್ಟಿ ಪರಿವರ್ತಕಗಳಿವೆ.

ಈಗ ಕಿಟೆಲ್. ಫರ್ಡಿನಾಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಅಚ್ಚಾಯಿತು. ಸುಮಾರು 70,000 ಪದಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡೀ ಗ್ರಂಥದ ಸ್ಕ್ಯಾನ್ ಪ್ರತಿ ಇದೆ, ಇಳಿಸಿಕೋ. ಆ ಹಳೇ ಅಚ್ಚಿನಲ್ಲಿ ಯಂತ್ರದ ಹುಡುಕಾಟ ನೆಚ್ಚುವಂಥದ್ದಲ್ಲ, ಅಕಾರಾದಿಯಲ್ಲಿ ಪುಟ ತಿರುವಿಯೇ ಹೋಗಬೇಕು. ಹೋಗು, ನಷ್ಟವಿಲ್ಲ. ಒಂದು ಪದಕ್ಕೆಂದು ಹೋದವಳು ಅದರ ಅಕ್ಕಪಕ್ಕದ ನಾಲ್ಕನ್ನು ಓದಿಕೊಂಡು ಬರುತ್ತೀಯ. ಕಿಟೆಲರು ಅರ್ಥ ಹೇಳಿ ಸುಮ್ಮನಾಗುವುದಿಲ್ಲ. ಕಾವ್ಯದಲ್ಲಿ ಎಲ್ಲಿ ಬಂದಿದೆ ಅಂತ ತೋರಿಸುತ್ತಾರೆ, ಜನ ಆಡುವ ಗಾದೆ ಕೊಡುತ್ತಾರೆ. ಹಳೆಯ ಱ, ೞ ಅಕ್ಷರಗಳು ಕಂಡರೆ ಗಾಬರಿಯಾಗಬೇಡ. ‘ಹ’ದಲ್ಲಿ ಹುಡುಕಿದ್ದು ಪೂರ್ತಿ ಸಿಗದಿದ್ದರೆ ‘ಪ’ಕ್ಕೆ ಹೋಗು. ಹಾಲು ಹಳಗನ್ನಡದಲ್ಲಿ ‘ಪಾಲ್’ ತಾನೇ? ಅದೇ ಪದ ತಮಿಳು, ತೆಲುಗು, ಕೊಡವರ ನುಡಿಯಲ್ಲೆಲ್ಲ ಹೇಗಿದೆ ಅಂತ ಕುತೂಹಲ ಹುಟ್ಟಿದರೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವಿದೆ. ಅದರ 1984ರ ಎರಡನೇ ಆವೃತ್ತಿಯನ್ನು ಶಿಕಾಗೋ ವಿಶ್ವವಿದ್ಯಾಲಯದವರು ಹುಡುಕಲು ಬರುವಂತೆ ಜಾಲದಲ್ಲಿ ಇಟ್ಟಿದ್ದಾರೆ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಲ್ಲಿ ಶುರುವಾದದ್ದು, ಅಲ್ಲಿ ಹತ್ತಾರು ವಿಷಯಗಳ ಕೋಶಗಳು ಒಂದೇ ಕಡೆ ಸಿಗುತ್ತವೆ. ಸರ್ಕಾರದ ‘ಕಣಜ’ ಜಾಲತಾಣವೂ ಇದೆ. ವರದಿಗೋ ವಿಜ್ಞಾನದ ಲೇಖನಕ್ಕೋ ಇವು ಬಲು ಪ್ರಯೋಜನ. ಕತೆಗೆ ಮಾತ್ರ ಎಚ್ಚರಿಕೆ ಬೇಕು, ಅದನ್ನು ಆಮೇಲೆ ಹೇಳ್ತೀನಿ.

ನನಗೆ ತುಂಬ ಇಷ್ಟವಾದದ್ದು ‘ವಚನ ಸಂಚಯ’. ಹೆಸರಿಗೆ ಅದು ನಿಘಂಟಲ್ಲ. 20,000ಕ್ಕೂ ಹೆಚ್ಚು ವಚನಗಳನ್ನು ಒಟ್ಟುಗೂಡಿಸಿ, ಒಂದು ಪದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿ ಬಂದಿದೆ ಅಂತ ಮುಂದಿಡುತ್ತದೆ. ‘ಹದ’ ಅನ್ನುವ ಪದ ಹಾಕಿ ನೋಡು. ಅರ್ಥದ ಸಾಲು ಓದಿ ತಿಳಿಯುವುದಕ್ಕೂ, ಹನ್ನೆರಡನೇ ಶತಮಾನದವರು ಅದನ್ನು ಯಾವ ಮಾತಿನ ಪಕ್ಕ ಇಟ್ಟು ಆಡಿದರು ಅಂತ ಕೂತು ಓದುವುದಕ್ಕೂ ಅಜಗಜಾಂತರ. ಬರೆಯುವವರಿಗೆ ಬೇಕಾದದ್ದು ಎರಡನೆಯದು. ಪದ ಯಾರ ಸಂಗಡ ಓಡಾಡುತ್ತದೆ, ಯಾರ ಸಂಗಡ ಸೇರುವುದಿಲ್ಲ ಅಂತ ನೋಡದೆ ಅದನ್ನು ವಾಕ್ಯದೊಳಕ್ಕೆ ಕರೆತರಬೇಡ. ಈ ನೋಟ ಪೂರ್ತಿ ಬೇಕಾದ ದಿನ ಲೈಬ್ರರಿಗೆ ಹೋಗಿ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ 8 ಸಂಪುಟಗಳ ಮುಂದೆ ಕೂರು. ಮೊದಲ ಸಂಪುಟ 1970ರದು, ಕೊನೆಯದು 1995ರದು. ಜಿ. ವೆಂಕಟಸುಬ್ಬಯ್ಯನವರಂಥ ಹಿರಿಯರು ಜೀವ ತೇದ ಕೆಲಸ. ಶಾಸನದಿಂದ ಹಿಡಿದು ಹೊಸಗನ್ನಡದವರೆಗೆ ಪದ ನಡೆದು ಬಂದ ದಾರಿ ಅಲ್ಲಿ ಪ್ರಯೋಗಗಳ ಸಮೇತ ಕಾಣುತ್ತದೆ.

ಕಾಗುಣಿತದ ಅನುಮಾನ ಬಂದಾಗ ಗೂಗಲ್ಲಿನಲ್ಲಿ ಎರಡೂ ರೂಪ ಹಾಕಿ, ಹೆಚ್ಚು ಸಿಕ್ಕಿದ್ದೇ ಸರಿ ಅಂತ ತೀರ್ಮಾನಿಸುವ ಅಭ್ಯಾಸ ಬಿಟ್ಟುಬಿಡು. ಹಬ್ಬದ ದಿನ ಫ್ಲೆಕ್ಸ್‌ಗಳಲ್ಲಿ ‘ಶುಭಾಷಯ’ ಎಷ್ಟು ಕಡೆ ಇಲ್ಲ ಹೇಳು! ಶುಭ ಮತ್ತು ಆಶಯ ಸೇರಿದರೆ ಶುಭಾಶಯ. ‘ಉಚ್ಛಾರಣೆ’ ಕೂಡ ಹೀಗೆಯೇ ಜಾಲದ ತುಂಬ ಓಡಾಡುತ್ತಿದೆ. ಉಚ್ಚಾರಣೆ ಸರಿಯಾದದ್ದು. ಕನ್ನಡಕ್ಕೆ 2011ರಲ್ಲಿ ಬಂದ ಗೂಗಲ್ ಅನುವಾದವಾಗಲಿ, ಈಗಿನ ಮಾತಾಡುವ ಯಂತ್ರಗಳಾಗಲಿ, ಇಂಗ್ಲಿಷ್ ಪತ್ರವೊಂದರ ತಾತ್ಪರ್ಯ ತಿಳಿಯಲು ಸಾಕು. ಅಪರೂಪದ ಪದಕ್ಕೆ ಅವು ಹೇಳುವ ಅರ್ಥವನ್ನು ಕೋಶ ತೆರೆದು ನೋಡದೆ ನಂಬಬೇಡ. ಇಲ್ಲದ ಅರ್ಥವನ್ನೂ ಅವು ಅಷ್ಟೇ ಧೈರ್ಯವಾಗಿ ಹೇಳುತ್ತವೆ.

ಇನ್ನು ನಿನ್ನ ಕತೆಗೆ ಬರ್ತೀನಿ. ಕತೆ ಚೆನ್ನಾಗಿದೆ. ರೇಷ್ಮೆ ಸಾಕುವ ಮನೆ, ರಾತ್ರಿ ಹೊತ್ತು ಸೊಪ್ಪು ಮೇಯುವ ಸದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಡುವೆ ಒಂದು ಕಡೆ ‘ಹುಳುಗಳು ಮೂರನೆಯ ನಿರ್ಮೋಚನೆಗೆ ಸಿದ್ಧವಾದವು’ ಅಂತ ಬರೆದಿದ್ದೀಯ. ಯಾವುದೋ ಪಾರಿಭಾಷಿಕ ಕೋಶದಿಂದ ತೆಗೆದದ್ದು ಅಂತ ಓದಿದ ಕೂಡಲೇ ಗೊತ್ತಾಯಿತು. ಪಠ್ಯಪುಸ್ತಕದಲ್ಲಾದರೆ ತಪ್ಪಿಲ್ಲ. ಆದರೆ ಕತೆಯಲ್ಲಿ ಆ ಸಾಲು ಹೇಳುತ್ತಿರುವವಳು ನಿಮ್ಮಮ್ಮನಂಥ ಹೆಂಗಸು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಆಗ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ರಾಮನಗರದ ಕಡೆ ರೈತರು ಅದಕ್ಕೆ ಜ್ವರ ಅಂತಾರೆ. ‘ಹುಳ ಮೂರನೇ ಜ್ವರಕ್ಕೆ ಕೂತವೆ, ಸೊಪ್ಪು ಹಾಕಬ್ಯಾಡ’ ಅಂದರೆ ಸಾಕು, ಆ ಮನೆಯ ಮೌನ, ಆತಂಕ ಎಲ್ಲ ಓದುಗರಿಗೆ ಮುಟ್ಟುತ್ತದೆ. ಚಾಕಿ ಹುಳು, ಹಣ್ಣಾದ ಹುಳು, ಗೂಡು ಕಟ್ಟಲು ಚಂದ್ರಂಕಿಗೆ ಬಿಡೋದು, ಗೂಡು ಬಿಡಿಸೋದು... ಇವೆಲ್ಲ ನೀನು ಕೇಳುತ್ತಲೇ ಬೆಳೆದ ಮಾತುಗಳು. ಅವನ್ನು ಮನೆಯಲ್ಲೇ ಬಿಟ್ಟು ಪರದೆಯ ಮೇಲೆ ಯಾಕೆ ಹುಡುಕಿದೆ? ಯಾರ ಬಾಯಲ್ಲೂ ನೀನು ಕೇಳದ ಪದವನ್ನು ಪಾತ್ರದ ಬಾಯಿಗೆ ಹಾಕಬೇಡ ಕಣಮ್ಮ. ನಿಘಂಟಿಗೆ ಹೋಗು, ಆದರೆ ಗೊತ್ತಿರುವ ಪದವನ್ನು ಖಚಿತ ಮಾಡಿಕೊಳ್ಳಲು, ಮರೆತದ್ದನ್ನು ನೆನಪಿಸಿಕೊಳ್ಳಲು ಹೋಗು.

ಕನ್ನಡ ವಿಕ್ಷನರಿ ಅಂತ ಇನ್ನೊಂದಿದೆ, ವಿಕಿಪೀಡಿಯದ ಬಳಗದ್ದೇ. ಅಲ್ಲಿ ಯಾರು ಬೇಕಾದರೂ ಪದ ಸೇರಿಸಬಹುದು, ಇದ್ದದ್ದನ್ನು ತಿದ್ದಬಹುದು. ಹಾಗಾಗಿ ಅಲ್ಲಿ ಓದಿದ್ದನ್ನು ಮತ್ತೊಂದು ಕಡೆ ತಾಳೆ ನೋಡುವುದು ಒಳ್ಳೆಯದು. ಆದರೆ ನಿನ್ನಂಥವರು ಅಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ. ಈ ಬೆಳೆ ಮುಗಿಯುವುದರೊಳಗೆ ನಿಮ್ಮಮ್ಮನ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂತುಕೋ. ತಟ್ಟೆಯಿಂದ ಚಂದ್ರಂಕಿಯವರೆಗೆ ಅವರು ಆಡುವ ಒಂದೊಂದು ಮಾತನ್ನೂ ಆಡಿದ ಹಾಗೆಯೇ ಬರೆದುಕೋ. ಆಮೇಲೆ ಅವನ್ನು ವಿಕ್ಷನರಿಗೆ ಏರಿಸು. ಅರ್ಥದ ಕೆಳಗೆ ಯಾವ ಕಡೆಯ ಬಳಕೆ ಅಂತ ನಮೂದಿಸು, ಅಮ್ಮ ಹೇಳಿದ ವಾಕ್ಯವನ್ನೇ ಉದಾಹರಣೆಯಾಗಿ ಕೊಡು. ‘ಜ್ವರ’ದ ಪುಟ ಮೊದಲೇ ಇದ್ದರೆ ಈ ಅರ್ಥವನ್ನು ಅದರೊಳಗೇ ಸೇರಿಸು. ಮಾಡಿದ ಮೇಲೆ ಕೊಂಡಿ ಕಳಿಸು, ನಮ್ಮ ಕಡೆ ಹೇಗಂತಾರೆ ಅನ್ನೋದನ್ನ ನಾನೂ ಅಲ್ಲೇ ಸೇರಿಸ್ತೀನಿ.