ಕಾನೂನು ಓದಲು ಹೊರಟ ಹುನಗುಂದದ ತಂಗಿಗೆ

ಪ್ರೀತಿಯ ತಂಗಿ,

ಪಿಯುಸಿ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ಬಂದಿವೆ. ಮನೆಯವರು ಶಿಕ್ಷಕಿಯಾಗು ಅನ್ನುತ್ತಿದ್ದಾರೆ, ನಿನಗೆ ವಕೀಲಿ ಓದುವ ಮನಸ್ಸು. ಸೀಟು ಸಿಗುತ್ತದೆಯೇ, ಕನ್ನಡ ಮಾಧ್ಯಮದವಳಿಗೆ ಇದು ದಕ್ಕುತ್ತದೆಯೇ ಎಂದು ಕೇಳಿದ್ದೀ. ಇಳಕಲ್ಲಿನ, ಬಾದಾಮಿಯ ಮಕ್ಕಳೂ ಇದನ್ನೇ ಕೇಳುತ್ತಾರೆ. ಅವರೂ ಓದಲಿ ಎಂದು ಈ ಉತ್ತರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಸೀಟಿನ ಚಿಂತೆ ಬಿಡು. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರ ಕಾಯ್ದೆಯಿಂದ ಹುಟ್ಟಿದ್ದು. ಅಲ್ಲೇ ಅದರದೇ ಲಾ ಸ್ಕೂಲ್ ಇದೆ, ರಾಜ್ಯದ ತುಂಬ ಸಂಯೋಜಿತ ಕಾಲೇಜುಗಳಿವೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್.ಸಿ. ನಂದಿಮಠ ಕಾನೂನು ಕಾಲೇಜಿದೆ. ಪಿಯುಸಿ ಆದಮೇಲೆ ಐದು ವರ್ಷದ ಕೋರ್ಸು, ಪದವಿ ಆದಮೇಲೆ ಮೂರು ವರ್ಷದ್ದು. ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಇದ್ದರೆ ಅರ್ಹತೆ ಬಂತು. ನಿನ್ನ ಅಂಕ ಅದಕ್ಕಿಂತ ಬಹಳ ಮೇಲಿದೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಬಗ್ಗೆಯೂ ಕೇಳಿದ್ದೀ. ಅದಕ್ಕೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು: ಎರಡು ತಾಸು, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ, ತಪ್ಪಿದರೆ ಕಾಲು ಅಂಕ ಕಡಿತ. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಲ್ಲಿ ಶೇ. 25 ಸೀಟು ಮೀಸಲು. ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತೆಗೆಸಿಡು. ಫೀ ಮಾತ್ರ ವರ್ಷಕ್ಕೆ ಲಕ್ಷಗಟ್ಟಲೆ. ಬರೆಯುವ ಮನಸ್ಸಿದ್ದರೆ ಬರೆ, ಆದರೆ ಅದಕ್ಕಾಗಿ ಒಂದು ವರ್ಷ ಮನೆಯಲ್ಲಿ ಕೂರಬೇಡ. ನಮ್ಮ ಕಡೆ ಹೆಣ್ಣುಮಗಳು ಒಂದು ವರ್ಷ ಖಾಲಿ ಕುಳಿತರೆ ಬೀಗರ ಮಾತು ಶುರುವಾಗುತ್ತದೆ. ಈ ಜೂನ್‌ನಲ್ಲೇ ಯಾವುದಾದರೊಂದು ಕಾಲೇಜು ಸೇರು.

ಇನ್ನು ಭಾಷೆಯ ಮಾತು. ನಮ್ಮ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯ ಮೇಲೇ ಸೂಚನೆ ಇರುತ್ತದೆ: ಉತ್ತರವನ್ನು ಪೂರ್ತಿ ಕನ್ನಡದಲ್ಲೋ ಪೂರ್ತಿ ಇಂಗ್ಲಿಷಿನಲ್ಲೋ ಬರೆಯಬಹುದು. ಹುನಗುಂದದ ಕೋರ್ಟಿಗೆ ಬಂದ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಅವನಿಗೆ ಪಾಟೀಸವಾಲು ಹಾಕುವುದು ಕನ್ನಡದಲ್ಲಿ, ಉತಾರ, ವಾಟ್ನಿ ಪತ್ರ ಎಲ್ಲ ಕನ್ನಡದಲ್ಲೇ. ಅಲ್ಲಿ ಸೋತವರ ಪ್ರಕರಣ ಮುಂದೆ ಧಾರವಾಡದ ಹೈಕೋರ್ಟ್ ಪೀಠದವರೆಗೆ ಹೋಗುವ ದಿನ ಬಂದಾಗ ಇಂಗ್ಲಿಷ್ ಬೇಕು. ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ತೀರ್ಪುಗಳು ಬರುವುದು ಆ ಭಾಷೆಯಲ್ಲಿ. ಹಾಗಾಗಿ ಮೊದಲ ವರ್ಷ ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಪಾಸಾಗು. ಜೊತೆಗೆ ದಿನಕ್ಕೆ ಒಂದೇ ಒಂದು ಕಲಮನ್ನು ಇಂಗ್ಲಿಷಿನ ಬೇರ್ ಆ್ಯಕ್ಟಿನಲ್ಲಿ, ಅಂದರೆ ಕಾಯ್ದೆಯ ಮೂಲಪಾಠದಲ್ಲಿ, ಓದಿ, ನಿನ್ನ ಕನ್ನಡದಲ್ಲಿ ಅದರ ಅರ್ಥ ಬರೆದಿಡು. ಗೈಡ್ ಓದಿ ಪಾಸಾದವರು ವಕಾಲತ್ತು ಹಾಕಿದ ದಿನ ತಡವರಿಸುತ್ತಾರೆ.

ಒಂದು ಕಲಮು ಎಷ್ಟು ದೊಡ್ಡದು ಎಂದು ಹೇಳಬೇಕು, ಕೇಳು. ನಮ್ಮದು ಮುಳುಗಡೆ ಜಿಲ್ಲೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ, ಮನೆ, ಬಾಗಲಕೋಟೆಯ ಹಳೆಯ ಊರಿನ ಭಾಗಗಳು ಹೋದವು. ಭೂಸ್ವಾಧೀನದ ಪರಿಹಾರ ಸಾಲದೆಂದು ಜನ ಕೋರ್ಟಿಗೆ ಬಂದರು. 1894ರ ಹಳೆಯ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ 28ಎ ಎಂಬ ಕಲಮು ಸೇರಿತ್ತು. ಒಂದೇ ಅಧಿಸೂಚನೆಯಲ್ಲಿ ಜಮೀನು ಹೋದ ಇಬ್ಬರಲ್ಲಿ ಒಬ್ಬ ಕೋರ್ಟಿಗೆ ಹೋಗಿ ಹೆಚ್ಚಿನ ದರ ಪಡೆದರೆ, ಕೋರ್ಟಿನ ಮೆಟ್ಟಿಲು ಹತ್ತದೇ ಉಳಿದವನೂ ಅದರಡಿ ಅದೇ ದರ ಕೇಳಬಹುದಿತ್ತು. ಆದರೆ ಆ ತೀರ್ಪಿನಿಂದ ಮೂರು ತಿಂಗಳೊಳಗೆ ಕೇಳಬೇಕಿತ್ತು, ತೀರ್ಪಿನ ದಿನ ಮತ್ತು ನಕಲು ಪಡೆಯಲು ಹಿಡಿದ ದಿನಗಳನ್ನಷ್ಟೇ ಕಳೆಯುತ್ತಿದ್ದರು. ಬಡ ರೈತನಿಗೆಂದೇ ಮಾಡಿದ ಕಲಮು ಇದು. ನೆರೆಯವನಿಗೆ ಹಣ ಬಂದದ್ದು ಗೊತ್ತಾಗಿ, ಕಾಗದ ಗಂಟು ಕಟ್ಟಿಕೊಂಡು ಬರುವಷ್ಟರಲ್ಲಿ ಅವಧಿ ಮೀರಿದ ರೈತರನ್ನು ನಾನು ಕಂಡಿದ್ದೇನೆ. ಅವರ ಊರಲ್ಲಿ ಈ ಕಲಮು ಓದಿದವರು ಒಬ್ಬರಿದ್ದಿದ್ದರೆ ಸಾಕಿತ್ತು. 2013ರ ಹೊಸ ಕಾಯ್ದೆಯ 73ನೇ ಕಲಮಿನಲ್ಲೂ ಇದೇ ಮೂರು ತಿಂಗಳಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ, ಯೋಜನೆಯ ಮೂರನೇ ಹಂತ ಇನ್ನೂ ಮುಂದಿದೆ. ಆಗ ಮುಳುಗುವ ಹಳ್ಳಿಗಳಿಗೆ ನಿನ್ನಂಥವಳು ಬೇಕು. ನಿನ್ನನ್ನು ಈ ಓದಿಗೆ ಕರೆಯಲು ನನಗಿರುವ ದೊಡ್ಡ ಕಾರಣ ಇದೇ.

ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಕಾನೂನು ಓದಲು ಕೊಲ್ಲಾಪುರದ ಸೈಕ್ಸ್ ಲಾ ಕಾಲೇಜಿಗೆ ಹೋಗಬೇಕಾಯಿತು. ಓದಿ ಜಮಖಂಡಿಗೇ ಬಂದು ವಕೀಲಿ ಮಾಡಿದರು. 1958ರಲ್ಲಿ ಮುಖ್ಯಮಂತ್ರಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಆದರು. ಈಗ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ. ಮನೆಯವರಿಗೆ ಇದನ್ನು ಹೇಳು.

ಸೇರಿದ ಮೇಲೆ ಹಾಜರಿ ಶೇ. 70 ಇರಲೇಬೇಕು, ಹೆಸರು ಹಚ್ಚಿ ಪರೀಕ್ಷೆಗಷ್ಟೇ ಬರುವ ರೂಢಿಗೆ ಬೀಳಬೇಡ. ಹಿರಿಯ ವಿದ್ಯಾರ್ಥಿಗಳು ಹಳೆಯ ಐಪಿಸಿ, ಸಿಆರ್‌ಪಿಸಿ ಪುಸ್ತಕ ಅಗ್ಗಕ್ಕೆ ಕೊಟ್ಟರೂ ಅದನ್ನೇ ನೆಚ್ಚಬೇಡ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಹೊಸ ಕಾಯ್ದೆಗಳು ಬಂದಿವೆ. ಐದು ವರ್ಷದ ಕೋರ್ಸಿನಲ್ಲಿ 20 ವಾರದ ಇಂಟರ್ನ್‌ಶಿಪ್ ಕಡ್ಡಾಯ. ಅದರಲ್ಲಿ ಕೆಲವು ವಾರ ಹುನಗುಂದದ ಕೋರ್ಟಿನಲ್ಲೇ ಕಳೆ. ದಾವೆ ಹೇಗೆ ಹುಟ್ಟುತ್ತದೆ, ಕೈಫಿಯತ್ ಹೇಗೆ ಬರೆಯುತ್ತಾರೆ, ತಾರೀಖು ಯಾಕೆ ಮುಂದೆ ಹೋಗುತ್ತದೆ, ಅಲ್ಲೇ ಕಾಣುತ್ತದೆ.

ಓದು ಮುಗಿದ ಮೇಲೆ ವಕೀಲಿಯ ಸನ್ನದು ಪಡೆಯಲು ಸಾವಿರಾರು ರೂಪಾಯಿ ಬೇಕೆಂದು ಯಾರಾದರೂ ಹೆದರಿಸಿದರೆ, 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸು. ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಮೊದಲ ವರ್ಷಗಳಲ್ಲಿ ಸೀನಿಯರ್ ಕೊಡುವುದು ಬಸ್ ಚಾರ್ಜಿಗೆ ಸಾಲಬಹುದು, ಅಷ್ಟೇ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಹೊಸ ವಕೀಲರಿಗೆ ಸರಕಾರದ ಶಿಷ್ಯವೇತನವಿದೆ. ಅರ್ಜಿ ಹಾಕುವುದನ್ನು ಮರೆಯಬೇಡ. ನ್ಯಾಯಾಧೀಶೆ ಆಗುವ ಆಸೆಯಿದ್ದರೆ 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮೂರು ವರ್ಷ ವಕೀಲಿ ಮಾಡಿರಬೇಕು. ಆ ಮೂರು ವರ್ಷದ ಖರ್ಚನ್ನೂ ಈಗಲೇ ಮನೆಯವರ ಮುಂದಿಡು.

ಅಪ್ಪನಿಗೆ ಒಪ್ಪಿಗೆ ಇಲ್ಲವೆಂದು ಬರೆದಿದ್ದೀ. ಕೋರ್ಟಿನ ವಿಚಾರಣೆ ಯಾರು ಬೇಕಾದರೂ ಕುಳಿತು ನೋಡಬಹುದು. ಒಂದು ದಿನ ಬಾಗಲಕೋಟೆಗೆ ಅವರನ್ನೇ ಕರೆದುಕೊಂಡು ಬಾ. ಕಪ್ಪು ಕೋಟು ಹಾಕಿ ವಾದ ಮಾಡುವ ಹೆಣ್ಣುಮಕ್ಕಳನ್ನು ಅವರು ನೋಡಲಿ, ಆಮೇಲೆ ನಾನು ಮಾತಾಡುತ್ತೇನೆ.

ನಿನ್ನ ಹಿತೈಷಿ,
ಬಾಗಲಕೋಟೆಯ ಹಿರಿಯ ವಕೀಲ