ಬೇರುನಾಳ ತುಂಬುವ ಪಾಠ: ಶಿಕಾರಿಪುರದಲ್ಲಿ ತಪ್ಪಿದ್ದು, ಸೊರಬದಲ್ಲಿ ತಿದ್ದಿದ್ದು

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ದಂತಕ್ಷಯದ ವಿವರಣೆ, ಸೂಕ್ಷ್ಮಜೀವಿಗಳು ದಂತಮಜ್ಜೆಗೆ ನುಗ್ಗಿ ಸೋಂಕು ತರುತ್ತವೆ ಎನ್ನುವಲ್ಲಿಗೆ ನಿಲ್ಲುತ್ತದೆ. ಮುಂದೇನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹಾಗಾಗಿ ರೂಟ್ ಕೆನಾಲ್ ಚಿಕಿತ್ಸೆಯನ್ನು ಪೂರಕ ಪಾಠವಾಗಿ ಯೋಜಿಸಿಕೊಂಡೆ.

ಮೊದಲ ಪಾಠ ಶಿಕಾರಿಪುರದ ಪ್ರೌಢಶಾಲೆಯೊಂದರಲ್ಲಿ. ಕೆಟ್ಟ ಮಜ್ಜೆ ತೆಗೆಯುವುದು, ಸಣ್ಣ ಫೈಲುಗಳಿಂದ ನಾಳ ಉಜ್ಜುವುದು, ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆಯುವುದು, ಇಲ್ಲಿಯವರೆಗೆ ಸರಾಗವಾಗಿ ಸಾಗಿತು. ನಂತರ ‘ನಾಳಕ್ಕೆ ಗಟ್ಟಾ ಪರ್ಚಾ ತುಂಬಿದರೆ ಚಿಕಿತ್ಸೆ ಮುಗಿಯಿತು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಸರ್, ನಮ್ಮಜ್ಜಿಗೆ ತುಂಬ್ಸಿ ಆರು ತಿಂಗ್ಳಾತು. ದುಡ್ಡಿಲ್ಲ ಅಂತ ಕ್ಯಾಪ್ ಹಾಕಿಸ್ಲಿಲ್ಲ. ಈಗ ಮತ್ತೆ ಕೀವಾಗಿದೆ, ಯಾಕೆ?” “ಡಾಕ್ಟರನ್ನೇ ಕೇಳಮ್ಮ” ಎಂದು ದಾಟಿಸಿದೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ನನ್ನ ಆ ವಾಕ್ಯದಡಿ ಕೆಂಪು ಗೆರೆ ಎಳೆದಿದ್ದರು.

ಓದಿದಾಗ ತಿಳಿಯಿತು. ಗಟ್ಟಾ ಪರ್ಚಾ ಮರವೊಂದರ ಹಾಲಿನಿಂದ ಬರುವ ವಸ್ತು. ನಮ್ಮ ರಂಜಲು, ಚಿಕ್ಕು ಸೇರಿದ ಕುಟುಂಬದ್ದೇ ಮರ. ಅದು ತಾನಾಗಿ ಹಲ್ಲಿನ ಗೋಡೆಗೆ ಅಂಟದು. ಸಂದು ಮುಚ್ಚಲು ಸೀಲರ್ ಬೇಕು. ಹಳೆಯದೊಂದು ಬಗೆಯೆಂದರೆ ಸತುವಿನ ಆಕ್ಸೈಡ್ ಪುಡಿಯನ್ನು ಲವಂಗದೆಣ್ಣೆಯಲ್ಲಿರುವ ಯೂಜಿನಾಲ್‌ನೊಂದಿಗೆ ಕಲಸಿದ್ದು. ಇಷ್ಟಾದರೂ ಮೇಲಿನ ಬಾಯಿ ಭದ್ರವಾಗಿರದಿದ್ದರೆ ಜೊಲ್ಲು, ಅದರೊಂದಿಗೆ ಬ್ಯಾಕ್ಟೀರಿಯಾ ಒಳಗಿಳಿಯುತ್ತವೆ. ತಾತ್ಕಾಲಿಕ ಫಿಲ್ಲಿಂಗ್ ಕೆಲವು ವಾರಗಳ ಮಟ್ಟಿಗಷ್ಟೇ. ದವಡೆ ಹಲ್ಲಾದರೆ ಕ್ಯಾಪ್ ಇಲ್ಲದೆ ಸೀಳುವ ಭಯವೂ ಉಂಟು.

ಸೊರಬದಲ್ಲಿ ಎರಡನೇ ಪಾಠಕ್ಕೆ ಕಲಿಕೋಪಕರಣ ಬದಲಿಸಿದೆ: ಖಾಲಿ ರೀಫಿಲ್ ಕೊಳವೆಗಳು, ತೆಂಗಿನ ಪೊರಕೆಕಡ್ಡಿ, ವ್ಯಾಸಲಿನ್, ಕೆಂಪು ಶಾಯಿ. ಬರೀ ಕಡ್ಡಿ ತೂರಿಸಿದ ಕೊಳವೆಯನ್ನು ಶಾಯಿಯಲ್ಲಿ ಅದ್ದಿದರೆ ಸಂದಿನಲ್ಲಿ ಕೆಂಪು ಮೇಲೇರಿತು. ವ್ಯಾಸಲಿನ್ ಬಳಿದ ಕಡ್ಡಿಯದರಲ್ಲಿ ಏರಲಿಲ್ಲ. “ಮೇಲಿಂದ ಬಿಟ್ರೆ?” ಎಂದನೊಬ್ಬ. ಯೋಜನೆಯಲ್ಲಿ ಇರದ ಹೆಜ್ಜೆ, ಆದರೂ ಮಾಡಿದೆವು. ಬರೀ ಕಡ್ಡಿಯ ಇನ್ನೊಂದು ಒಣ ಕೊಳವೆಗೆ ಹನಿ ಬಿಟ್ಟಾಗ ಶಾಯಿ ಇಳಿಯಿತು. ಮತ್ತೊಂದರ ಬಾಯಿಗೆ ಮೇಣ ಮೆತ್ತಿದಾಗ ಇಳಿಯಲಿಲ್ಲ. ಕ್ಯಾಪಿನ ಪಾಠ ಅಲ್ಲಿಗೆ ಆಯಿತು. ನಾನು ಹೇಳಬೇಕಾಗಿದ್ದು ಬಹಳ ಉಳಿದಿರಲಿಲ್ಲ.

ಶನಿವಾರ ಆ ಕೊಳವೆಗಳನ್ನು ಶಿಕಾರಿಪುರಕ್ಕೆ ಒಯ್ದು, ನನ್ನ ವಾಕ್ಯ ತಪ್ಪೆಂದು ತರಗತಿಗೆ ಹೇಳಿದೆ. ಅದೇ ಹುಡುಗಿ, “ಹಂಗಾದ್ರೆ ಈಗ ಕ್ಯಾಪ್ ಹಾಕ್ಸಿದ್ರೆ ಸಾಕಾ ಸರ್?” ಎಂದಳು. ಸಾಲದು, ಕೀವಾದ ಮೇಲೆ ಎಕ್ಸ್‌ರೇ ನೋಡಿ, ಉಳಿಸಬಹುದಾದ ಹಲ್ಲಾದರೆ ನಾಳವನ್ನು ಮತ್ತೆ ತೆರೆದು, ತೊಳೆದು, ತುಂಬಬೇಕಾದೀತು ಎಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

“ಅಜ್ಜಿಗೆ ಹೇಳ್ತೀನಿ ಸರ್. ಬರ್ತಾರೋ ಇಲ್ವೋ.”